ಮೇಲಿನ ಮೊಳೆಗೆ ಯಾವ ಬಂದೂಕು?

ಇಪ್ಪತ್ತು ಗುಂಡು ಹಾರಿಸಿ ನೋಡಿದ್ದೆನೋ ಇಲ್ಲವೋ? ಹಾರಿಸಿರಲೇಬೇಕು. ಹಾರಿಸದೆ ಚೀಟಿಗೆ ಸಹಿ ಹಾಕುವವನಲ್ಲ ತಾನು. ಆದರೆ ಆ ವಾರ ಯಾರಿಗೆ ಯಾವುದಕ್ಕೆ ಪುರುಸೊತ್ತಿತ್ತು? ಮರಳಿನ ಪೆಟ್ಟಿಗೆಯ ಮುಂದೆ ನಿಂತದ್ದು ಚೆನ್ನಾಗಿ ನೆನಪಿದೆ. ನಿಂತದ್ದು ಆ ಬಂದೂಕು ಹಿಡಿದೋ, ಅದರ ಹಿಂದಿನದನ್ನು ಹಿಡಿದೋ? ಹಿಂದಿನದ್ದಾಗಿದ್ದರೆ...

"ಯಲ್ಮರಿ, ನಿನ್ನ ಕಾಫಿ ಆರ್ತಾ ಇದೆ," ಎಂದಳು ಕೆರ್ತ್ತು.

ಯಲ್ಮರಿ ತೊಲ್ವನೆನ್ ಬೆಚ್ಚಿ, ಕಾಫಿಯನ್ನು ಬಸಿಗೆ ಸುರಿದುಕೊಂಡು, ಸಕ್ಕರೆಯ ತುಂಡೊಂದನ್ನು ಹಲ್ಲಿನ ನಡುವೆ ಕಚ್ಚಿಕೊಂಡ. ಅವನು ಫಿನ್ಲೆಂಡಿನ ನಮ್ಮ ಹಾಪಲಹ್ತಿ ಊರಿನಲ್ಲಿ ಸೈಕಲ್ಲು ಮತ್ತು ಹೊಲಿಗೆ ಯಂತ್ರ ರಿಪೇರಿ ಮಾಡುವವನು. ಐವತ್ತೊಂಬತ್ತು ವರ್ಷದ, ತೆಳ್ಳಗಿನ, ಟೋಪಿಯನ್ನು ಯಾವ ಕೈಯಲ್ಲಿ ಹಿಡಿಯಬೇಕೆಂದು ಇಂದಿಗೂ ತೀರ್ಮಾನಿಸಿರದ ಮನುಷ್ಯ. ಕೆರೆದಂಡೆಯ ಮೇಲಿನ ಕೆರ್ತ್ತುವಿನ ಕಾಫಿ ಅಂಗಡಿಗೆ ಪ್ರತಿ ಶನಿವಾರ ಮೂರು ಗಂಟೆಗೆ, ಮನೆಯಲ್ಲಿ ಉಗಿಸ್ನಾನದ ಸೌನಾ ಕಾಯುವ ಹೊತ್ತಿಗೆ, ತಪ್ಪದೆ ಬರುತ್ತಿದ್ದ. ತಪ್ಪದೆ ಅದೇ ಮೇಜಿಗೆ ಕೂರುತ್ತಿದ್ದ. ಆ ಮೇಜಿನಲ್ಲಿ ಯುದ್ಧ ಮುಗಿದ ಮೇಲಿನ ಇಪ್ಪತ್ತನಾಲ್ಕು ವರ್ಷಗಳಿಂದ ಒಂದೇ ಜಗಳ ನಡೆಯುತ್ತಿತ್ತು: ರೈಫಲ್ ಮೇಲೋ, ಗುಂಡಿನ ಮಳೆ ಸುರಿಸುವ ಯಂತ್ರಪಿಸ್ತೂಲು ಮೇಲೋ?

"ಐದೇ ಐದು ತೋಟೆ!" ವಿಲ್ಯಾಮಿ ಮೇಜು ಗುದ್ದಿದ. ಅವನು ನದಿಯಲ್ಲಿ ದಿಮ್ಮಿ ತೇಲಿಸುವವನು. ಗುದ್ದಿದರೆ ಅಕ್ಕಪಕ್ಕದ ಮೇಜಿನ ಬಸಿಗಳೂ ಮಾತಾಡುತ್ತಿದ್ದವು. "ಐದು ಹೊಡೆದ ಮೇಲೆ ಆರನೆಯವನಿಗೆ ಏನಂತೀಯ? ಸ್ವಲ್ಪ ನಿಂತ್ಕೋಪ್ಪಾ, ತುಂಬಿಸ್ಕೋತೀನಿ ಅಂತೀಯಾ?"

"ಐದಕ್ಕೆ ಐದೂ ತಾಗ್ತಿತ್ತು ಕಣೋ," ಎಂದ ತೌನೊ. ಅವನು ಅಂಚೆ ಹಂಚುವವನು, ಒಣಕಲು, ಮಾತನ್ನೂ ಕಾಗದದ ಹಾಗೆ ಒಂದೊಂದಾಗಿ ಎಣಿಸಿ ಕೊಡುವವನು. "ನಾನೂರು ಮೀಟರಿನಿಂದ. ನಿಂದು ಎಪ್ಪತ್ತು ಗುಂಡು ಉಗುಳಿ ಮರದ ತೊಗಟೆ ಸುಲೀತಿತ್ತು. ಆ ಕಡೆ ರಷ್ಯದವನು ಕೂತು ನೋಡ್ತಿದ್ದ."

"ಕಾಡಲ್ಲಿ ಎಲ್ಲಯ್ಯ ನಿನ್ನ ನಾನೂರು ಮೀಟರು? ಮೂವತ್ತು ಹೆಜ್ಜೆ ಆಚೆ ನಿನ್ನ ಮೂಗೇ ನಿನಗೆ ಕಾಣ್ತಿರಲಿಲ್ಲ."

"ಏಳು ಕಿಲೋ ತೂಕ. ಹೊರೋಕೆ ಇನ್ನೊಂದು ಕುದುರೆ ಬೇಕಿತ್ತು."

"ಕುದುರೇನೇ ಹೊತ್ತಿದ್ದು! ಈ ಕುದುರೆ!" ವಿಲ್ಯಾಮಿ ತನ್ನ ಎದೆ ತಟ್ಟಿಕೊಂಡ. "ಮತ್ತೆ ಅದನ್ನ ಬಂದೂಕು ಅನ್ಬೇಡ. ಅದಕ್ಕೆ ನಂಬರಿತ್ತು. ಹದಿನಾಲ್ಕು ಸಾವಿರದ ಇನ್ನೂರ ಆರು. ಮದುವೆ ತಾರೀಕು ಮರ್ತು ಐಲಿ ಹತ್ರ ಬೈಸ್ಕೊಂಡಿದೀನಿ. ಆ ನಂಬರು ಮರ್ತಿಲ್ಲ."

ಅದರಲ್ಲಿ ವಿಶೇಷವೇನೂ ಇರಲಿಲ್ಲ. ನಮ್ಮಲ್ಲಿ ಆ ವಯಸ್ಸಿನ ಯಾವ ಗಂಡಸನ್ನು ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತನ್ನ ಬಂದೂಕಿನ ನಂಬರು ಹೇಳುತ್ತಾನೆ. ವಿಶೇಷವೇನೆಂದರೆ, ಆ ನಂಬರು ಕೇಳಿದಾಗಲೆಲ್ಲ ಯಲ್ಮರಿ ಬಸಿಯ ಕಾಫಿಯನ್ನು ಕುಡಿಯದೆ ಮತ್ತೆ ಕಪ್ಪಿಗೇ ಸುರಿಯುತ್ತಿದ್ದ.

ರೈಫಲ್ ಮೇಲೋ ಯಂತ್ರಪಿಸ್ತೂಲು ಮೇಲೋ ಎಂಬುದು ಅವರ ಜಗಳವೇ ಅಲ್ಲವೆಂದು ಊರಿಗೆಲ್ಲ ಗೊತ್ತಿತ್ತು. ನಲವತ್ತನಾಲ್ಕರ ಜೂನ್ ತಿಂಗಳಲ್ಲಿ ಇಬ್ಬರೂ ಒಂದೇ ತುಕಡಿಯಲ್ಲಿದ್ದರು. ತೌನೊವಿನ ತಮ್ಮ ಅಹ್ತಿಯೂ ಇದ್ದ, ಹತ್ತೊಂಬತ್ತು ವರ್ಷದವನು. ಒಂದು ಬೆಳಿಗ್ಗೆ ವಿಲ್ಯಾಮಿಗೆ ಜ್ವರ ಏರಿ ನಿಲ್ಲಲಾಗದಾಯಿತು. ಯಂತ್ರಪಿಸ್ತೂಲು ಹಿಡಿದವನು ಎಲ್ಲರಿಗಿಂತ ಮುಂದೆ ಹೋಗಬೇಕು. ಅಹ್ತಿ ತನ್ನ ರೈಫಲನ್ನು ಕೊಟ್ಟು ಅದನ್ನು ಇಸಿದುಕೊಂಡ. ವಿಲ್ಯಾಮಿ ಕೊಟ್ಟ. ಎಡಗಡೆಯ ಜೌಗಿನಿಂದ ತೌನೊ ಕೇಳಿಸಿಕೊಂಡದ್ದು ಒಂದು ಪುಟ್ಟ ಸದ್ದು, ಮೂರು ನಾಲ್ಕು ಗುಂಡು, ಆಮೇಲೆ ಏನೂ ಇಲ್ಲ. ಅಹ್ತಿ ತಿರುಗಿ ಬರಲಿಲ್ಲ. ಯಾಕೆ ನಿಂತುಹೋಯಿತೆಂದು ಅವನು ವಿಲ್ಯಾಮಿಯನ್ನು ಎಂದೂ ಕೇಳಲಿಲ್ಲ. ಬದಲಿಗೆ ರೈಫಲ್ ಎಂದೂ ನಿಲ್ಲುವುದಿಲ್ಲ ಎಂದು ಪ್ರತಿ ಶನಿವಾರ ಹೇಳಿದ. ಯಂತ್ರಪಿಸ್ತೂಲಿನಂಥದು ಪ್ರಪಂಚದಲ್ಲಿಲ್ಲ ಎಂದು ವಿಲ್ಯಾಮಿ ಪ್ರತಿ ಶನಿವಾರ ಉತ್ತರ ಕೊಟ್ಟ. ಇಬ್ಬರೂ ಒಟ್ಟಿಗೇ ಮನೆಗೆ ನಡೆದು ಹೋಗುತ್ತಿದ್ದರು.

ಯಲ್ಮರಿ ಆ ಬೆಳಿಗ್ಗೆ ಅಲ್ಲಿಂದ ಅರವತ್ತು ಕಿಲೋಮೀಟರ್ ಹಿಂದೆ, ರೈಲು ಹಳಿಯ ಪಕ್ಕದ ಒಂದು ಕೊಟ್ಟಿಗೆಯಲ್ಲಿ, ಬಂದೂಕು ರಿಪೇರಿ ಮಾಡುತ್ತಿದ್ದ. ಅದರ ಎರಡು ವಾರ ಮುಂಚೆ ಹದಿನಾಲ್ಕು ಸಾವಿರದ ಇನ್ನೂರ ಆರು ಅವನ ಮೇಜಿಗೆ ಬಂದಿತ್ತು. ಹಾರಿದ ತೋಟೆಯ ಖಾಲಿ ಚಿಪ್ಪನ್ನು ಎಳೆದು ಹೊರಗೆಸೆಯುವ ಪುಟ್ಟ ಕೊಕ್ಕೆ ಮುರಿದಿತ್ತು. ಹೊಸದು ಹಾಕಿದ. ಹಾಕಿದ ಮೇಲೆ ಮರಳಿನ ಪೆಟ್ಟಿಗೆಗೆ ಇಪ್ಪತ್ತು ಗುಂಡು ಹಾರಿಸಿ ನೋಡಿ ಸಹಿ ಮಾಡಬೇಕೆಂಬುದು ನಿಯಮ. ಮಾಡಿದ್ದ ಸಹಿ ತನ್ನದೇ. ಅದೇ ಬಂದೂಕು ಮತ್ತೆ ಬಂದಾಗ ಖಾಲಿ ಚಿಪ್ಪೊಂದು ಒಳಗೇ ಕಚ್ಚಿಕೊಂಡಿತ್ತು. ಹೊಸ ಕೊಕ್ಕೆ ಮೆತ್ತನೆಯ ಉಕ್ಕಿನದು, ಬಾಗಿಹೋಗಿತ್ತು. ಜೊತೆಯ ಚೀಟಿಯಲ್ಲಿ 'ಹೊತ್ತವನು ಸತ್ತ' ಎಂದಷ್ಟೇ ಇತ್ತು. ಯಾರು ಹೊತ್ತವನು ಎಂಬುದು ಯಲ್ಮರಿಗೆ ತಿಳಿದದ್ದು ಯುದ್ಧ ಮುಗಿದ ಮೇಲೆ, ಕೆರ್ತ್ತುವಿನ ಅಂಗಡಿಯಲ್ಲಿ, ವಿಲ್ಯಾಮಿ ಮೊದಲ ಬಾರಿ ಮೇಜು ಗುದ್ದಿದ ದಿನ.

ಇಷ್ಟು ವಿಷಯವಿದ್ದ ಮನುಷ್ಯ ಮಾತಾಡದೆ ಕೂತಿರುವುದು ಸಹಜ. ನಮ್ಮೂರು ಅದನ್ನು ಬೇರೆಯೇ ರೀತಿ ಅರ್ಥ ಮಾಡಿಕೊಂಡಿತ್ತು. ನಮ್ಮಲ್ಲಿ ಯುದ್ಧದ ಬಗ್ಗೆ ಹೆಚ್ಚು ಮಾತಾಡುವವನು ಅಡುಗೆ ಬಂಡಿಯ ಹಿಂದೆ ಇದ್ದವನೆಂದೂ, ಕಡಿಮೆ ಮಾತಾಡುವವನು ಏನೋ ಕಂಡವನೆಂದೂ ಲೆಕ್ಕ. ಏನೂ ಮಾತಾಡದವನನ್ನು ಎಲ್ಲಿಡುವುದು? ಯಲ್ಮರಿಯ ಮೌನಕ್ಕೆ ಊರೇ ಬಡ್ತಿ ಕೊಡುತ್ತಾ ಹೋಯಿತು. ಐವತ್ತನೇ ಇಸವಿಯ ಹೊತ್ತಿಗೆ ಅವನು ಗುರಿಕಾರನಾದ. ಐವತ್ತಾರರಲ್ಲಿ ಶತ್ರುವಿನ ಬೆನ್ನ ಹಿಂದೆ ಹಿಮದಲ್ಲಿ ವಾರಗಟ್ಟಲೆ ಮಲಗಿದವನಾದ. ಅರವತ್ತನೇ ಇಸವಿ ದಾಟುವಷ್ಟರಲ್ಲಿ ಅವನು ಮಾಡಿದ್ದು ಎಷ್ಟು ಗುಟ್ಟಿನದೆಂದರೆ ಅದನ್ನು ಊಹಿಸುವುದೂ ಸಭ್ಯತೆಯಲ್ಲ ಎಂಬ ಮಟ್ಟಕ್ಕೆ ಬಂತು. ಸಹಕಾರಿ ಅಂಗಡಿಯಲ್ಲಿ ಅವನಿಗೆ ಬಾಗಿಲು ಹಿಡಿದು ನಿಲ್ಲುತ್ತಿದ್ದರು. ಇದೆಲ್ಲ ತಪ್ಪೆಂದು ಹೇಳಬೇಕಾದರೆ ತಾನೆಲ್ಲಿದ್ದೆ ಎಂದು ಹೇಳಬೇಕು. ಎಲ್ಲಿದ್ದೆ ಎಂದರೆ ಏನು ಮಾಡುತ್ತಿದ್ದೆ ಎಂದು ಕೇಳುತ್ತಾರೆ. ಹಾಗಾಗಿ ಯಲ್ಮರಿ ಬಾಗಿಲು ದಾಟಿ ಒಳಗೆ ಹೋಗಿ ಉಪ್ಪು ಕೊಂಡು ಬರುತ್ತಿದ್ದ.

ಆ ಶನಿವಾರ ವಿಲ್ಯಾಮಿ ಥಟ್ಟನೆ ಅವನ ಕಡೆ ತಿರುಗಿದ. "ನೀನೇ ಹೇಳಪ್ಪಾ ತೊಲ್ವನೆನ್. ಇಪ್ಪತ್ತನಾಲ್ಕು ವರ್ಷ ಕೇಳಿಸ್ಕೊಂಡಿದೀಯ. ರೈಫಲೋ, ಯಂತ್ರಪಿಸ್ತೂಲೋ?"

ಅಕ್ಕಪಕ್ಕದ ಮೇಜಿನವರೂ ಇತ್ತ ತಿರುಗಿದರು. ಯಲ್ಮರಿಯ ಹಲ್ಲಿನ ನಡುವೆ ಸಕ್ಕರೆ ತುಂಡಿತ್ತು, ಬಾಯಲ್ಲಿ ಕಾಫಿಯಿತ್ತು. ನುಂಗಲು ಹೋದಾಗ ಸಕ್ಕರೆ ಗಂಟಲಿಗೆ ಅಡ್ಡವಾಯಿತು. ಕಣ್ಣಲ್ಲಿ ನೀರು ಬಂತು. ಕೆಮ್ಮಿದರೆ ಕಾಫಿ ತೌನೊವಿನ ಮೇಲೆ ಬೀಳುತ್ತದೆ. ಅವನು ಎದ್ದು, ಟೋಪಿಯನ್ನು ಎಡಗೈಯಿಂದ ಬಲಗೈಗೂ ಬಲಗೈಯಿಂದ ಎಡಗೈಗೂ ಬದಲಿಸಿ, ಹೊರಗೆ ಹೋಗಿ ಬರ್ಚ್ ಮರ ಹಿಡಿದುಕೊಂಡು ಕೆಮ್ಮಿದ. ಒಳಗಿನವರಿಗೆ ಕಂಡದ್ದು ಅವನ ಬೆನ್ನು ಮಾತ್ರ, ನಡುಗುವ ಹೆಗಲು.

"ಅಳ್ತಿದಾನೆ," ಎಂದ ತೌನೊ, ಮೆಲ್ಲಗೆ.

"ಎರಡನೇ ಕಪ್ಪು ಬಿಟ್ಟು ಹೋದ," ಎಂದಳು ಕೆರ್ತ್ತು. ಅವಳ ಅಂಗಡಿಯಲ್ಲಿ ಎರಡನೇ ಕಪ್ಪನ್ನು ಬಿಟ್ಟು ಹೋದವರು ಅಲ್ಲಿಯವರೆಗೆ ಇರಲಿಲ್ಲ. ಅವಳ ಪಾಲಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿರಲಿಲ್ಲ.

ಊರಿನ ಹಳೇ ಕಣಜವೊಂದನ್ನು ವಸ್ತುಸಂಗ್ರಹಾಲಯ ಮಾಡಿದ್ದರು. ಅದಕ್ಕೆ ನಮ್ಮ ಫಿನ್ಲೆಂಡಿನ ಸೇನೆಯವರು ಅದೇ ತಿಂಗಳು ಎರಡು ಬಂದೂಕು ಕಳಿಸಿಕೊಟ್ಟರು. ಒಂದು ರೈಫಲ್. ಅದರ ತುದಿಯ ಗುರಿಗಣ್ಣಿನ ಎರಡು ಪಕ್ಕ ನಾಯಿಯ ಕಿವಿಯ ಹಾಗೆ ಎದ್ದು ನಿಂತಿರುವುದರಿಂದ ಅದನ್ನು 'ನಿಮಿರುಗಿವಿ' ಎನ್ನುತ್ತಿದ್ದರು. ಇನ್ನೊಂದು ಯಂತ್ರಪಿಸ್ತೂಲು, ದುಂಡು ಡಬ್ಬಿಯ ಸಮೇತ. ಎರಡರ ನಳಿಕೆಗೂ ಸೀಸ ಹೊಯ್ದು ಮುಚ್ಚಿತ್ತು. ತೂಗುಹಾಕಲು ಗೋಡೆಯ ಮೇಲೆ ಒಂದರ ಕೆಳಗೊಂದು ಎರಡು ಜೊತೆ ಮೊಳೆಗಳಿದ್ದವು, ಹಿಂದೆ ಹುಲ್ಲಿನ ಕುಂಟೆ ನೇತುಹಾಕುತ್ತಿದ್ದಂಥವು. ಯಾವುದು ಮೇಲೆ?

ಅಧ್ಯಕ್ಷೆಯನ್ನು ಬಿಟ್ಟು ಸಮಿತಿಯಲ್ಲಿ ಆರು ಜನ. ಮೂವರು ರೈಫಲ್ ಮೇಲೆ ಎಂದರು, ಮೂವರು ಯಂತ್ರಪಿಸ್ತೂಲು ಮೇಲೆ ಎಂದರು. ಅಕ್ಕಪಕ್ಕ ಹಾಕೋಣ ಎಂದು ಒಬ್ಬ ಸೂಚಿಸಿ ಎರಡೂ ಕಡೆಯಿಂದ ಬೈಸಿಕೊಂಡ. ಅಕ್ಕಪಕ್ಕ ಹಾಕಲು ಹೊಸ ಮೊಳೆ ಹೊಡೆಯಬೇಕು. ಇನ್ನೂರು ವರ್ಷದ ದಿಮ್ಮಿಗೋಡೆಗೆ ಮೊಳೆ ಹೊಡೆಯಲು ಅಧ್ಯಕ್ಷೆ ಬಿಡುವುದಿಲ್ಲ. ಅಧ್ಯಕ್ಷೆ ಎಂದರೆ ಶಾಲೆಯ ಮುಖ್ಯೋಪಾಧ್ಯಾಯಿನಿ ಎಲ್ವಿರಾ. ಆ ಸಮಿತಿಯ ಎಲ್ಲರಿಗೂ ಮಗ್ಗಿ ಕಲಿಸಿದವಳು.

"ಮೂರು ಸಭೆ ಆಯ್ತು," ಎಂದಳು ಆಕೆ. "ಮಾತಾಡೋರನ್ನ ಕೇಳಿದ್ದು ಸಾಕು. ಮಾತಾಡದೇ ಇರೋ ಒಬ್ಬನನ್ನ ಕೇಳೋಣ."

ಎಲ್ಲರ ಕಣ್ಮುಂದೆಯೂ ಒಬ್ಬನೇ ಬಂದ.

ಮಾರನೇ ದಿನ ಆರೂ ಜನ ಅಧ್ಯಕ್ಷೆಯ ಜೊತೆ ಯಲ್ಮರಿಯ ಅಂಗಡಿಗೆ ಬಂದರು. ಅವನು ಪಾದ್ರಿಯ ಸೈಕಲ್ಲಿನ ಚೈನು ಬಿಚ್ಚಿ ನೆಲದಲ್ಲಿ ಕೂತಿದ್ದ. ಏಳಲು ಹೋಗಿ ಚೈನಿಗೆ ಕಾಲು ಸಿಕ್ಕಿ ಅರ್ಧಕ್ಕೇ ನಿಂತ. ಬಂದವರು ಅದನ್ನು ನಮಸ್ಕಾರವೆಂದುಕೊಂಡು ತಾವೂ ಬಾಗಿದರು.

"ತೊಲ್ವನೆನ್ ಅವರೇ," ಎಂದಳು ಎಲ್ವಿರಾ. ಯಲ್ಮರಿಗೆ ಗಾಬರಿಯಾಯಿತು. ಆಕೆ ಅವನನ್ನು ಎಂದೂ ಬಹುವಚನದಲ್ಲಿ ಕರೆದಿರಲಿಲ್ಲ. "ಭಾನುವಾರ ಉದ್ಘಾಟನೆ. ಎರಡರ ಗುಣದೋಷ ಹೇಳಿ, ಯಾವುದು ಮೇಲೆ ಅಂತ ನೀವೇ ತೀರ್ಮಾನಿಸಬೇಕು. ಇನ್ಯಾರು ಹೇಳಿದರೂ ಊರು ಒಪ್ಪಲ್ಲ."

"ಟೀಚರ್, ನಾನು... ಬೇಕಾದರೆ ಎರಡನ್ನೂ ಒರೆಸಿ ಕೊಡ್ತೀನಿ."

"ಕೇಳಿದಿರಾ?" ಆಕೆ ಉಳಿದವರ ಕಡೆ ತಿರುಗಿದಳು. "ಮೊದಲು ಒರೆಸ್ತೀನಿ ಅಂತಾರೆ. ಇದು ನಿಜವಾದ ಯೋಧನ ಲಕ್ಷಣ."

ಬಂದವರು ಹೋದ ಮೇಲೆ ಹೆಂಡತಿ ಸೈಮಿ ಅಡುಗೆಮನೆಯಿಂದ ಬಂದಳು. "ಆಗಲ್ಲ ಅಂತ ಯಾಕೆ ಹೇಳಲಿಲ್ಲ?"

"ಒರೆಸ್ತೀನಿ ಅಂತ ಮಾತ್ರ ಹೇಳಿದ್ದು."

"ನೀನು ಒರೆಸ್ತೀನಿ ಅಂದಿದ್ದು ನಾಳೆ ಪೇಪರಲ್ಲಿ ಬರತ್ತೆ ನೋಡು."

ಬಂತು. 'ಮೌನ ಮುರಿಯಲಿರುವ ವೀರ' ಎಂದು ಜಿಲ್ಲೆಯ ಪತ್ರಿಕೆಯಲ್ಲಿ ಒಂದು ಕಾಲಂ. ಕೆಳಗೆ ಅವನ ಫೋಟೋ ಇಲ್ಲದ್ದರಿಂದ ಒಂದು ಹಿಮಕರಡಿಯ ಚಿತ್ರ ಹಾಕಿದ್ದರು.

ಒರೆಸಲೆಂದು ಬಂದ ಬಂದೂಕುಗಳು ಮೂರು ದಿನ ಅಡುಗೆಮನೆಯ ಮೇಜಿನ ಮೇಲಿದ್ದವು. ಸೈಮಿ ಮೇಜಿನ ಹೊದಿಕೆ ತೆಗೆದು ಹಳೇ ಪತ್ರಿಕೆ ಹಾಸಿದಳು. ಯಲ್ಮರಿ ಮೊದಲು ಮಾಡಿದ ಕೆಲಸವೆಂದರೆ ಯಂತ್ರಪಿಸ್ತೂಲಿನ ನಂಬರು ನೋಡಿದ್ದು. ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದ. ಆರು ಸಾವಿರದ ಎಂಟುನೂರ ಎಷ್ಟೋ. ಅದಲ್ಲ. ಸಮಾಧಾನವಾಗಬೇಕಿತ್ತು.

ಅದಲ್ಲದಿದ್ದರೂ ಅವನ ಕೈ ಅದನ್ನು ಅದೇ ಎಂಬಂತೆ ಬಿಚ್ಚಿತು. ಹಿಂಭಾಗ ತಿರುಗಿಸಿ, ಸ್ಪ್ರಿಂಗ್ ಎಳೆದು, ಕೊಕ್ಕೆಯನ್ನು ಹೆಬ್ಬೆರಳಿನಿಂದ ಒತ್ತಿ, ಮತ್ತೆ ಕೂರಿಸಿ, ಸೀಮೆಎಣ್ಣೆಯ ಬಟ್ಟೆಯಿಂದ ಒಂದು ಸುತ್ತು. ಆಮೇಲೆ ಬಲಕ್ಕೆ ತಿರುಗಬೇಕು. ಮರಳಿನ ಪೆಟ್ಟಿಗೆ ಬಲಕ್ಕಿತ್ತು. ಅವನ ದೇಹ ಬಲಕ್ಕೆ ತಿರುಗಲಿಲ್ಲ, ಎಡಕ್ಕೆ ತಿರುಗಿತು. ಎಡಕ್ಕೆ ಆ ಕೊಟ್ಟಿಗೆಯ ಬಾಗಿಲು. ಬಾಗಿಲಲ್ಲಿ ಲಾರಿ. ಲಾರಿಯ ಚಾಲಕ ಹಾರನ್ ಒತ್ತಿ ಹಿಡಿದು, "ಎಷ್ಟಿದೆಯೋ ಅಷ್ಟು ಕೊಡ್ರೋ!" ಎಂದು ಕೂಗುತ್ತಿದ್ದ. ಅವನ ಕೆನ್ನೆಯ ಮೇಲೊಂದು ಮಸಿಯ ಗೆರೆಯಿತ್ತು.

ಹಾರಿಸಿರಲಿಲ್ಲ.

ಇಪ್ಪತ್ತನಾಲ್ಕು ವರ್ಷ ಯಲ್ಮರಿಯ ಜೊತೆ ಕೂತು ಕಾಫಿ ಕುಡಿದಿದ್ದ ಅನುಮಾನ ಅಡುಗೆಮನೆಯಿಂದ ಎದ್ದು ಹೋಯಿತು. ಅನುಮಾನವೂ ಒಂದು ಆಸರೆಯಾಗಿತ್ತೆಂದು ಅವನಿಗೆ ಆಗ ಗೊತ್ತಾಯಿತು.

"ಪತ್ರಿಕೆ ದಾಟಿ ಎಣ್ಣೆ ಬರ್ತಿದೆ," ಎಂದಳು ಸೈಮಿ. ಅವನು ಕೇಳಿಸಿಕೊಳ್ಳಲಿಲ್ಲ.

ಈ ನಡುವೆ ನ್ಯಾಯಾಧೀಶನಾದ ಯಲ್ಮರಿಯ ಮನೆಗೆ ಕಾಣಿಕೆ ಬರಲು ಶುರುವಾಗಿತ್ತು. ತೌನೊ ಅಂಚೆಯ ಚೀಲದಲ್ಲಿ ಪತ್ರಗಳ ನಡುವೆ ಒಂದು ಹೊಗೆಮೀನು ಸುತ್ತಿ ತಂದ. "ಇದಕ್ಕೂ ಭಾನುವಾರಕ್ಕೂ ಸಂಬಂಧವಿಲ್ಲ," ಎಂದು ತಾನಾಗಿಯೇ ಹೇಳಿದ. ಮರುದಿನ ಆ ಬೀದಿಯ ಪತ್ರಗಳೆಲ್ಲ ಮೀನಿನ ವಾಸನೆ ಹೊಡೆದವು. ವಿಲ್ಯಾಮಿ ಒಂದು ಬಂಡಿ ಸೌದೆ ತಂದು, ಕೇಳದೆಯೇ ಸೌದೆಮನೆಯಲ್ಲಿ ಜೋಡಿಸತೊಡಗಿದ. ಯಲ್ಮರಿ ಬೇಡವೆನ್ನಲು ಹೋಗಿ ತಾನೂ ಜೋಡಿಸಲು ನಿಂತ.

ಸೌದೆ ಅರ್ಧ ಗೋಡೆ ಏರಿತು.

"ಭಾನುವಾರ," ಎಂದ ವಿಲ್ಯಾಮಿ, ಸೌದೆಯನ್ನೇ ನೋಡುತ್ತಾ. "ಅದು ಒಳ್ಳೇ ಬಂದೂಕು ಅಂದುಬಿಡು ಯಲ್ಮರಿ."

"ಹೂಂ?"

"ಗೆಲ್ಲೋಕಲ್ಲ. ತೌನೊನ ಸೋಲಿಸಿ ನನಗೇನಾಗಬೇಕು?" ಅವನು ಒಂದು ಸೀಳನ್ನು ಇಟ್ಟು, ತೆಗೆದು, ತಿರುಗಿಸಿ ಮತ್ತೆ ಅಲ್ಲೇ ಇಟ್ಟ. "ಅದು ಒಳ್ಳೇದಾಗಿದ್ದರೆ, ನನ್ನ ಹತ್ತಿರ ಇದ್ದಿದ್ದರಲ್ಲಿ ಒಳ್ಳೇದನ್ನ ಆ ಹುಡುಗನಿಗೆ ಕೊಟ್ಟೆ ಅಂತಾಗತ್ತೆ. ಇಲ್ಲದಿದ್ದರೆ... ಜ್ವರ ಅಷ್ಟೇನೂ ಇರಲಿಲ್ಲ ಕಣೋ. ಎದ್ದು ಹೋಗಬಹುದಿತ್ತು ಅನ್ಸತ್ತೆ. ನೀನು ಬಹಳ ಕಂಡವನು. ನೀನು ಹೇಳಿದ್ರೆ ನಾನು ನಂಬ್ತೀನಿ."

ಯಲ್ಮರಿಯ ಬಾಯಿ ತೆರೆಯಿತು. ನಾಲಿಗೆಯ ಮೇಲೆ 'ನಾನು ಅದನ್ನ ಹಾರಿಸಿ ನೋಡಿರಲಿಲ್ಲ' ಎಂಬ ವಾಕ್ಯ ಬಂದು ಕೂತಿತ್ತು. ಅವನು ವಿಲ್ಯಾಮಿಯ ಕೈ ನೋಡಿದ. ಸೌದೆ ಹಿಡಿದ ಆ ದೊಡ್ಡ ಕೈ ಕಾಯುತ್ತಿತ್ತು.

"ಸೌದೆ ಚೆನ್ನಾಗಿ ಒಣಗಿದೆ," ಎಂದ ಯಲ್ಮರಿ.

"ಎರಡು ಬೇಸಿಗೆ ಒಣಗಿಸಿದ್ದು," ಎಂದ ವಿಲ್ಯಾಮಿ, ಮುಂದಿನ ಸೀಳಿಗೆ ಬಾಗುತ್ತಾ.

ಭಾನುವಾರ ಚರ್ಚಿನ ಪ್ರಾರ್ಥನೆ ಮುಗಿದೊಡನೆ ಇಡೀ ಊರು ಕಣಜಕ್ಕೆ ಬಂತು. ಏಳು ಬಗೆಯ ತಿಂಡಿ ಮಾಡಿದ್ದರು. ಆರು ಬಗೆ ಮಾಡಿದರೆ ಅದು ಉದ್ಘಾಟನೆಯೇ ಅಲ್ಲ. ಪುರಸಭೆಯ ಅಧ್ಯಕ್ಷರು ಹಿತ್ತಾಳೆಯ ಗುಂಡಿಯ ಕೋಟು ಹಾಕಿದ್ದರು. ಮುಂದಿನ ಬೆಂಚಿನಲ್ಲಿ ಒಂದು ತುದಿಗೆ ವಿಲ್ಯಾಮಿ, ಇನ್ನೊಂದು ತುದಿಗೆ ತೌನೊ. ನಡುವೆ ವಿಲ್ಯಾಮಿಯ ಹೆಂಡತಿ ಐಲಿ ಕೂತು ಇಬ್ಬರ ಟೋಪಿಯನ್ನೂ ಮಡಿಲಲ್ಲಿಟ್ಟುಕೊಂಡಿದ್ದಳು. ಬಂದೂಕುಗಳು ಬಿಳಿ ಬಟ್ಟೆಯ ಮೇಲೆ ಮಲಗಿದ್ದವು. ಗೋಡೆಯ ಮೊಳೆಗಳಿಗೂ ಯಾರೋ ಎಣ್ಣೆ ಹಚ್ಚಿದ್ದರು.

ಯಲ್ಮರಿ ಎದ್ದು ನಿಂತ. ಟೋಪಿ ಎಡಗೈಯಲ್ಲಿತ್ತು. ಒಂದು ನಿಮಿಷ ಹೋಯಿತು. ಹೆಂಗಸರು ಕರವಸ್ತ್ರ ತೆಗೆದರು.

"ಚಳಿ ಸೊನ್ನೆಯ ಕೆಳಗೆ ಮೂವತ್ತೈದು ಡಿಗ್ರಿ ಇಳಿದರೆ," ಎಂದ ಯಲ್ಮರಿ, "ಎರಡಕ್ಕೂ ಎಣ್ಣೆ ಹಾಕಬಾರದು. ಸೀಮೆಎಣ್ಣೆಯಲ್ಲಿ ಒರೆಸಬೇಕು."

ಪುರಸಭೆಯ ಅಧ್ಯಕ್ಷರು ಗಂಭೀರವಾಗಿ ತಲೆಯಾಡಿಸಿದರು.

"ನಿಮಿರುಗಿವಿ ದೂರಕ್ಕೆ ಒಳ್ಳೇದು. ಬಯಲಿಗೆ, ಕೆರೆಯ ಆಚೆ ದಡಕ್ಕೆ. ಯಂತ್ರಪಿಸ್ತೂಲು ಹತ್ತಿರಕ್ಕೆ, ಕಾಡಿಗೆ. ಅದು ಗುಂಡು ಬಹಳ ತಿನ್ನತ್ತೆ, ಭಾರ ಜಾಸ್ತಿ, ಆದರೆ ಭಾರ ಇರೋದರಿಂದ ಕೈಯಲ್ಲಿ ಕುಣಿಯಲ್ಲ. ರೈಫಲ್ ರಿಪೇರಿಗೆ ಬಂದರೆ ಸಾಮಾನ್ಯವಾಗಿ ಮರ ಸೀಳಿರ್ತಿತ್ತು. ಯಂತ್ರಪಿಸ್ತೂಲಾದರೆ ನಳಿಕೆ ಸವೆದಿರ್ತಿತ್ತು. ನಳಿಕೆ ಬದಲಿಸೋದು ಒಂದು ನಿಮಿಷದ ಕೆಲಸ. ಮರಕ್ಕೆ ಒಂದು ದಿನ ಬೇಕು."

"ರಿಪೇರಿಗಾ?" ಎಂದಿತು ಹಿಂದಿನಿಂದ ಒಂದು ದನಿ.

"ಹೌದು. ನಾನು ಬಂದೂಕು ರಿಪೇರಿ ಕೊಟ್ಟಿಗೆಯಲ್ಲಿದ್ದೆ. ಅರವತ್ತು ಕಿಲೋಮೀಟರ್ ಹಿಂದೆ."

ಕಣಜದಲ್ಲಿ ಎದ್ದ ಸದ್ದನ್ನು ವರ್ಣಿಸುವುದು ಕಷ್ಟ. ಬಹಳ ದಿನ ಕಾದು ಕೊಯ್ದ ಕೇಕಿನೊಳಗೆ ಏನೂ ಇಲ್ಲದಿದ್ದಾಗ ಅಂಥ ಸದ್ದು ಬರುತ್ತದೆ. ಒದ್ದೆಯಾಗದ ಕರವಸ್ತ್ರಗಳು ಚೀಲ ಸೇರಿದವು. "ಹದಿನೆಂಟು ವರ್ಷ ಬಾಗಿಲು ಹಿಡಿದಿದೀನಿ ಇವನಿಗೆ," ಎಂದ ಸಹಕಾರಿ ಅಂಗಡಿಯವನು, ಪಕ್ಕದವನಿಗೆ ಕೇಳುವಷ್ಟು ಜೋರಾಗಿ. "ಹಿಮಕರಡಿ!" ಎಂದು ಇನ್ಯಾರೋ ಅಂದರು. ಪುರಸಭೆಯ ಅಧ್ಯಕ್ಷರು ಆಡಿಸುತ್ತಿದ್ದ ತಲೆಯನ್ನು ನಡುವೆಯೇ ನಿಲ್ಲಿಸಿದರು.

ಯಲ್ಮರಿಗೆ ಅದು ಕೇಳಿಸಿದಂತೆ ಕಾಣಲಿಲ್ಲ. ಅವನು ರೈಫಲಿನ ಹಿಡಿಯನ್ನು ಸವರುತ್ತಿದ್ದ. "ಕೆಲವರು ಮರದ ಮೇಲೆ ಹೆಸರು ಕೆತ್ತಿರ್ತಿದ್ದರು. ಹುಡುಗಿಯರ ಹೆಸರು, ಊರಿನ ಹೆಸರು. ಮುಂದಿನವನಿಗೆ ಕೊಡೋ ಮೊದಲು ನಾವು ಅದನ್ನ ಉಜ್ಜಿ ತೆಗೀಬೇಕಿತ್ತು. ಮರಳು ಕಾಗದದಲ್ಲಿ. ಒಮ್ಮೊಮ್ಮೆ ಆಳವಾಗಿ ಕೆತ್ತಿರ್ತಿದ್ದರು, ಪೂರ್ತಿ ಹೋಗ್ತಿರಲಿಲ್ಲ. ಅದರ ಮೇಲೇ ಬಣ್ಣ ಹಚ್ಚಿ ಕಳಿಸ್ತಿದ್ದೆವು."

ಗುಸುಗುಸು ನಿಂತಿತು. ತೌನೊ ಎದ್ದ. ಪತ್ರ ಕೊಡುವವನ ಹಾಗೆ ನೆಟ್ಟಗೆ ನಿಂತು ಕೇಳಿದ.

"ಯಂತ್ರಪಿಸ್ತೂಲು ಮಧ್ಯದಲ್ಲಿ ನಿಂತುಹೋಗ್ತಿತ್ತಾ?"

ಆ ಪ್ರಶ್ನೆಗಾಗಿ ಊರು ಇಪ್ಪತ್ತನಾಲ್ಕು ವರ್ಷದಿಂದ ಕಾದಿತ್ತು. ಈಗ ಬಂದಾಗ ಯಾರಿಗೂ ಎಲ್ಲಿ ನೋಡಬೇಕೆಂದು ಗೊತ್ತಾಗಲಿಲ್ಲ. ವಿಲ್ಯಾಮಿ ಯಲ್ಮರಿಯನ್ನೇ ನೋಡುತ್ತಿದ್ದ.

"ನಿಲ್ತಿತ್ತು," ಎಂದ ಯಲ್ಮರಿ. "ಒಮ್ಮೊಮ್ಮೆ. ಚಿಪ್ಪು ಒಳಗೇ ಕಚ್ಕೊಂಡರೆ."

"ಯಾಕೆ?"

"ಅದಕ್ಕೆ ಕಾರಣ..." ಯಲ್ಮರಿ ಟೋಪಿಯನ್ನು ಬಲಗೈಗೆ ಬದಲಿಸಿದ. ಎಡಗೈಗೆ ಬದಲಿಸಿದ. ಎಲ್ವಿರಾ ಮುಂದೆ ಬಾಗಿದಳು. "ಕಾರಣ ಹಲವಿರ್ತವೆ," ಎಂದ.

ತೌನೊ ಮೆಲ್ಲಗೆ ಕೂತ. ಗೆದ್ದವನ ಹಾಗೇನೂ ಕಾಣಲಿಲ್ಲ. ಬೆಂಚಿನ ಈ ತುದಿಯಿಂದ ಆ ತುದಿಗೆ ನೋಡಿದ.

"ಹಾಗಾದರೆ ಮೇಲೆ ಯಾವುದು ತೊಲ್ವನೆನ್?" ಎಲ್ವಿರಾ ಕೇಳಿದಳು. 'ಅವರೇ' ಬಿಟ್ಟುಹೋಗಿತ್ತು.

ಅವನು ಉತ್ತರಿಸುವ ಮೊದಲೇ ವಿಲ್ಯಾಮಿ ಎದ್ದು ಬಂದ. ರೈಫಲನ್ನು ಎರಡೂ ಕೈಯಲ್ಲಿ ಎತ್ತಿ ಮೇಲಿನ ಮೊಳೆಗಳಿಗೆ ನೇತುಹಾಕಿದ. ಅವನಿಗೆ ಏಣಿ ಬೇಕಾಗಲಿಲ್ಲ. ಯಂತ್ರಪಿಸ್ತೂಲನ್ನು ಕೆಳಗಿನ ಮೊಳೆಗಳಿಗೆ ಹಾಕಿ, ವಾಲಿದ್ದನ್ನು ನೇರ ಮಾಡಿದ. ಐಲಿಯ ಮಡಿಲಿನಿಂದ ಟೋಪಿ ತೆಗೆದುಕೊಂಡು ಹೊರಗೆ ಹೋದ. ಏಳು ಬಗೆಯಲ್ಲಿ ಒಂದನ್ನೂ ಮುಟ್ಟಲಿಲ್ಲ.

"ಬಿಸಿ ಇರುವಾಗಲೇ ಕಾಫಿ ತಗೊಳ್ಳಿ," ಎಂದಳು ಎಲ್ವಿರಾ.

ಅದಾದ ಮೇಲಿನ ಶನಿವಾರ ವಿಲ್ಯಾಮಿ ಕೆರ್ತ್ತುವಿನ ಅಂಗಡಿಗೆ ಬರಲಿಲ್ಲ. ಅದರ ಮುಂದಿನ ಶನಿವಾರವೂ ಇಲ್ಲ. ಮೇಜಿನಲ್ಲಿ ತೌನೊ ಮತ್ತು ಯಲ್ಮರಿ ಇಬ್ಬರೇ. ರೈಫಲಿನ ಬಗ್ಗೆ ಹೇಳಲು ತೌನೊಗೆ ಯಾರೂ ಇರಲಿಲ್ಲ. ಕೊನೆಗೆ ಅವನು ಎರಡೂ ಪಕ್ಷವನ್ನು ತಾನೇ ವಹಿಸಿಕೊಂಡ.

"ಐದೇ ತೋಟೆ ಅಂತಿದ್ದ," ಎನ್ನುವನು, ಕಿಟಕಿಯ ಆಚೆ ನೋಡುತ್ತಾ. "ಒಂದು ಲೆಕ್ಕದಲ್ಲಿ ಕಡಿಮೇನೇ ಐದು."

"ಹೂಂ," ಎನ್ನುವನು ಯಲ್ಮರಿ.

"ಕಾಡಲ್ಲಿ ನಾನೂರು ಮೀಟರ್ ಎಲ್ಲಿ ಕಾಣತ್ತೆ?"

"ಕಾಣಲ್ಲ."

"ಒಂದ್ಸಲ ಅವನ ಮನೆ ಕಡೆ ಹೋಗಿ ಬರಬೇಕು," ಎನ್ನುವನು ತೌನೊ. ವಿಲ್ಯಾಮಿಯ ಮನೆಗೆ ಅವನು ದಿನಾ ಅಂಚೆ ಕೊಡುತ್ತಿದ್ದ. ಪೆಟ್ಟಿಗೆ ರಸ್ತೆಬದಿಗಿತ್ತು.

ಯಲ್ಮರಿಯೂ ಎರಡು ಸಲ ಹೋದ. ಮೊದಲ ಸಲ ಅವರ ಅಂಗಳದವರೆಗೆ ಹೋಗಿ, ಕಿಟಕಿಯಲ್ಲಿ ದೀಪವಿದ್ದದ್ದನ್ನು ಕಂಡು, ಊಟದ ಹೊತ್ತಿರಬೇಕೆಂದು ಹಿಂತಿರುಗಿದ. ಎರಡನೇ ಸಲ ದೀಪವಿರಲಿಲ್ಲ. ಮಲಗಿರಬೇಕೆಂದು ಹಿಂತಿರುಗಿದ. ಮೂರನೇ ಸಲಕ್ಕೆ ಒಂದು ನೆಪವಿರಲಿ ಎಂದು ಐಲಿಯ ಹೊಲಿಗೆ ಯಂತ್ರ ಕೆಟ್ಟಿದೆಯೇ ಎಂದು ಸೈಮಿಯಿಂದ ಕೇಳಿಸಿದ. ಕೆಟ್ಟಿರಲಿಲ್ಲ. ಹತ್ತು ವರ್ಷದ ಹಿಂದೆ ಅವನೇ ರಿಪೇರಿ ಮಾಡಿದ್ದು.

ಸೈಕಲ್ ಅಂಗಡಿಗೆ ಜನ ಬರುವುದು ನಿಲ್ಲಲಿಲ್ಲ. ಸಹಕಾರಿ ಅಂಗಡಿಯ ಬಾಗಿಲು ಮಾತ್ರ ಈಗ ಅವನೇ ತೆಗೆದುಕೊಳ್ಳಬೇಕಾಗಿತ್ತು. ಅದರಿಂದ ಅವನಿಗೆ ಹಗುರವೇ ಆಯಿತೆಂದು ಸೈಮಿ ಹೇಳುತ್ತಿದ್ದಳು.

ಮೇ ತಿಂಗಳಲ್ಲಿ ಕೆರೆಯ ಮಂಜುಗಡ್ಡೆ ಒಡೆದು, ಮೊದಲ ದಿಮ್ಮಿಗಳು ಬಂದ ದಿನ, ವಿಲ್ಯಾಮಿ ನದಿಯ ದಡದಲ್ಲಿ ಕೂತವನು ಏಳಲಿಲ್ಲ. ಹೃದಯ ಎಂದರು ಡಾಕ್ಟರು. ಕೈಯಲ್ಲಿ ಕೊಕ್ಕೆಗೋಲು ಹಾಗೇ ಇತ್ತಂತೆ.

ನಮ್ಮಲ್ಲಿ ಹೂವಿನ ಚಕ್ರ ತಂದವರು ಶವಪೆಟ್ಟಿಗೆಯ ಮುಂದೆ ನಿಂತು ಅದರ ರಿಬ್ಬನ್ನಿನ ಮೇಲೆ ಬರೆಸಿ ತಂದದ್ದನ್ನು ಎಲ್ಲರಿಗೂ ಕೇಳುವ ಹಾಗೆ ಓದಬೇಕು. ಓದಿ, ತಲೆಬಾಗಿ, ಮನೆಯವರಿಗೆ ತಲೆಬಾಗಿ, ಹೋಗಿ ಕೂರಬೇಕು. ಯಲ್ಮರಿ ಹೂವಿನ ಅಂಗಡಿಯಲ್ಲಿ ಒಂದು ಗಂಟೆ ನಿಂತಿದ್ದ. ಅಂಗಡಿಯ ಲೆಂಪಿ ಪೆನ್ಸಿಲು ಕಾಗದ ಕೊಟ್ಟಳು. ಅವನು ಬರೆದ, ಹೊಡೆದುಹಾಕಿದ, ಕಾಗದ ಮಡಿಸಿ ಜೇಬಿಗಿಟ್ಟ. ಇನ್ನೊಂದು ಕಾಗದ ಕೇಳಿದ.

"ಬಹಳ ಉದ್ದ ಬರೀಬೇಡ ಮಾರಾಯ," ಎಂದಳು ಲೆಂಪಿ. "ರಿಬ್ಬನ್ನಿಗೆ ಎರಡೇ ಸಾಲು ಹಿಡಿಯೋದು. ರೆಡಿ ಇರೋದೇ ಹಾಕಲಾ? 'ದುಡಿದವನೇ ವಿಶ್ರಮಿಸು' ಅಂತ ಇದೆ. ಗಂಡಸರಿಗೆಲ್ಲ ಇದೇ ಹೋಗೋದು. 'ನೆನಪಿಗೆ ಗೌರವದಿಂದ' ಅಂತಲೂ ಇದೆ. ಅದು ಯಾರಿಗಾದರೂ ಆಗತ್ತೆ."

ಯಲ್ಮರಿ ಬಹಳ ಹೊತ್ತು ಯೋಚಿಸಿದ. "ಅದೇ ಇರಲಿ," ಎಂದ.

ಚರ್ಚಿನಲ್ಲಿ ತೌನೊ ಅವನಿಗಿಂತ ಮೊದಲು ಎದ್ದ. ಕೈಯಲ್ಲಿ ಸಣ್ಣ ಚಕ್ರ, ಕರ್ಪೂರದಂಥ ಬಿಳಿಯ ಹೂ. ಇಡೀ ಜೀವನ ಬೇರೆಯವರ ಪತ್ರ ಹೊತ್ತವನು ತನ್ನದನ್ನು ಓದಲು ಕನ್ನಡಕ ಹುಡುಕಿದ. ಸಿಗಲಿಲ್ಲ. ನೆನಪಿನಿಂದಲೇ ಹೇಳಿದ.

"ವಿಲ್ಯಾಮಿ. ಅದು ಒಳ್ಳೇ ಬಂದೂಕೇ ಆಗಿತ್ತು. ತೌನೊ."

ಐಲಿ ಕೈಯಿಂದ ಮುಖ ಮುಚ್ಚಿಕೊಂಡಳು. ತೌನೊ ತಲೆಬಾಗುವುದನ್ನು ಮರೆತು ಹೊರಟು, ನೆನಪಾಗಿ ವಾಪಸು ಬಂದು, ಶವಪೆಟ್ಟಿಗೆಯ ಬದಲು ಪಾದ್ರಿಗೆ ತಲೆಬಾಗಿ ಹೋಗಿ ಕೂತ.

ಮುಂದಿನ ಸರದಿ ಯಲ್ಮರಿಯದು. ಸೈಮಿ ಅವನ ಪಕ್ಕ ನಿಂತಿದ್ದಳು. ಅವನು ರಿಬ್ಬನ್ನನ್ನು ನೇರ ಮಾಡಿ ಓದಿದ.

"ವಿಲ್ಯಾಮಿ ಕರ್ಪ್ಪನೆನ್ ಅವರ ನೆನಪಿಗೆ ಗೌರವದಿಂದ. ಯಲ್ಮರಿ ಮತ್ತು ಸೈಮಿ."

ಓದಿದ ಮೇಲೂ ಅವನು ಕದಲಲಿಲ್ಲ. ತುಟಿ ಒಮ್ಮೆ ಬೇರ್ಪಟ್ಟಿತು. ಆರ್ಗನ್ ನುಡಿಸುವವನು ಏನೋ ಬಾಕಿಯಿದೆಯೆಂದು ಕೈ ಎತ್ತಿ ಕಾದ. ಹಿಂದಿನ ಸಾಲಿನಲ್ಲಿ ಕೆರ್ತ್ತು ಅಳುವುದನ್ನು ನಿಲ್ಲಿಸಿ ಕತ್ತು ಚಾಚಿದಳು. ತೌನೊ ತಲೆಯೆತ್ತಿದ. ಕಾಯುವುದರಲ್ಲಿ ನಮ್ಮೂರಿನವರನ್ನು ಮೀರಿಸುವವರಿಲ್ಲ. ಅವರು ಕಾದರು.

"ಬಾ," ಎಂದಳು ಸೈಮಿ, ಅವನ ಮೊಣಕೈ ಮುಟ್ಟಿ.

ಅವನು ತಲೆಬಾಗಿದ. ಐಲಿಗೆ ತಲೆಬಾಗಿದ. ಹೋಗಿ ತನ್ನ ಜಾಗದಲ್ಲಿ ಕೂತ.

ಆ ಬಂದೂಕನ್ನು ಹಾರಿಸಿ ನೋಡದೆ ಕಳಿಸಿದವನು ತಾನೆಂದೂ, ತಪ್ಪು ವಿಲ್ಯಾಮಿಯದಲ್ಲವೆಂದೂ ಅವನು ಅಂದೂ ಹೇಳಲಿಲ್ಲ, ಆಮೇಲೂ ಹೇಳಲಿಲ್ಲ.